ಸ್ಟೀಲ್ ಲೋಟವೂ ಪೇಪರ್ ಕಪ್ಪೂ: ಬಳಗದೊಳಗಿನ ಎಚ್‌ಐವಿ ಕಳಂಕ

ಪ್ರಶ್ನೆ: ನಾನು ಮುಂಬಯಿಯಲ್ಲೇ ಹುಟ್ಟಿ ಬೆಳೆದವನು, ವಯಸ್ಸು 32, ಗೇ. ಮೂಲ ಕುಂದಾಪುರದ ಕಡೆ. ಡೊಂಬಿವಿಲಿಯಿಂದ ಮೀರಾ ರೋಡಿನವರೆಗೆ ಹರಡಿಕೊಂಡಿರುವ ಒಂಬತ್ತು ಜನರ ಗೆಳೆಯರ ಬಳಗ ನಮ್ಮದು. ಹೆಚ್ಚಿನವರು ಕನ್ನಡ, ತುಳು ಮಾತಾಡುವವರು. ಹತ್ತು ವರ್ಷಗಳಿಂದ ತಿಂಗಳಿಗೆರಡು ಭಾನುವಾರ ಒಟ್ಟಿಗೆ ಊಟ ಮಾಡುತ್ತಿದ್ದೇವೆ. ಏಳು ತಿಂಗಳ ಹಿಂದೆ ನಾನು ಎಚ್‌ಐವಿ ಪಾಸಿಟಿವ್ ಎಂದು ತಿಳಿಯಿತು. ಸರಕಾರಿ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರದಲ್ಲಿ ಚಿಕಿತ್ಸೆ ಪಡೆಯುತ್ತಿದ್ದೇನೆ. ಬಳಗದ ಒಬ್ಬನಿಗೆ ಮಾತ್ರ ಹೇಳಿದ್ದೆ. ಎರಡು ವಾರದೊಳಗೆ ಎಲ್ಲರಿಗೂ ಗೊತ್ತಾಗಿತ್ತು. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಒಂದು ಹುಟ್ಟುಹಬ್ಬದ ದಿನ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಕಾಫಿ ಬಂದಾಗ ನನಗೆ ಮಾತ್ರ ಪೇಪರ್ ಕಪ್ ಬಂತು. ಗೋವಾ ಪ್ರವಾಸಕ್ಕೆ ನನ್ನನ್ನು ಬಿಟ್ಟು ಹೋದರು. ‘ಪ್ರೆಪ್ ಇರುವ ಕಾಲದಲ್ಲೂ ಹೀಗೆ ಮಾಡಿಕೊಂಡನಲ್ಲ’ ಎಂದು ಒಬ್ಬ ಹೇಳಿದನಂತೆ (ಪ್ರೆಪ್ ಎಂದರೆ ಎಚ್‌ಐವಿ ತಗುಲದಂತೆ ಮೊದಲೇ ನುಂಗುವ ಮಾತ್ರೆ). ಇನ್ನೊಬ್ಬ, ಬೇರೆ ಗ್ರೂಪುಗಳಿಗೂ ಎಚ್ಚರಿಕೆ ಕೊಡಬೇಕು ಎಂದನಂತೆ. ಮುಲುಂಡಿನಲ್ಲಿರುವ ಹಿರಿಯರೊಬ್ಬರು ಮಾತ್ರ ಮೊದಲಿನಂತೆ ಫೋನ್ ಮಾಡಿ ಕ್ರಿಕೆಟ್, ಮಳೆ ಎಂದೇನಾದರೂ ಹರಟುತ್ತಾರೆ. ಕಳೆದ ತಿಂಗಳ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ವರದಿಯಲ್ಲಿ ‘ಟಾರ್ಗೆಟ್ ನಾಟ್ ಡಿಟೆಕ್ಟೆಡ್’, ಅಂದರೆ ವೈರಸ್ ಪತ್ತೆಯಾಗಿಲ್ಲ, ಎಂದು ಬಂದಿದೆ. ಅದನ್ನು ಬಳಗದ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿಬಿಡಲೇ? ಎಲ್ಲ ತಿಳಿದ ನಮ್ಮವರೇ ಹೀಗೇಕೆ? ಅವರು ಗೋವಾದಲ್ಲಿದ್ದ ಎರಡು ರಾತ್ರಿ ನಾನು ಮಾತ್ರೆಯನ್ನೇ ನುಂಗಲಿಲ್ಲ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಒಂದು ವಾರ ಕಾಯಬಹುದು, ಅದು ಕಾಯಲಾರದು. ನೀವು ತೆಗೆದುಕೊಳ್ಳುತ್ತಿರುವುದು ಬಹುಶಃ ಟೆನೊಫೊವಿರ್, ಲ್ಯಾಮಿವುಡಿನ್ ಮತ್ತು ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ. ಎರಡು ರಾತ್ರಿ ತಪ್ಪಿದ್ದರಿಂದ ಆಕಾಶವೇನೂ ಕಳಚಿ ಬೀಳಲಿಲ್ಲ; ಡೊಲುಟೆಗ್ರಾವಿರ್‌ಗೆ ವೈರಸ್ ಸುಲಭವಾಗಿ ಪ್ರತಿರೋಧ ಬೆಳೆಸಿಕೊಳ್ಳುವುದಿಲ್ಲ. ಆದರೆ ಮರೆತು ತಪ್ಪಿಸುವುದಕ್ಕೂ ಮನಸ್ಸು ಮುರಿದು ತಪ್ಪಿಸುವುದಕ್ಕೂ ವ್ಯತ್ಯಾಸವಿದೆ. ಮರೆವಿಗೆ ಮೊಬೈಲಿನ ಅಲಾರಾಂ ಸಾಕು. ಎರಡನೆಯದು ಮತ್ತೆ ಮರುಕಳಿಸುತ್ತದೆ. ಇದನ್ನು ಮುಂದಿನ ಭೇಟಿಯಲ್ಲಿ ನಿಮ್ಮ ಕೇಂದ್ರದ ಆಪ್ತಸಮಾಲೋಚಕರಿಗೆ ಮುಚ್ಚಿಡದೆ ಹೇಳಿ. ಅವರು ಗದರುವುದಿಲ್ಲ, ಗದರಿದರೂ ಹೇಳಿ. ರಾತ್ರಿಗಳು ಇನ್ನೂ ಕಠಿಣವಾಗಿ, ಬದುಕೇ ಬೇಡವೆನ್ನಿಸುವ ಯೋಚನೆ ಸುಳಿದರೆ 14416 ಸಂಖ್ಯೆಯ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ. ಎಚ್‌ಐವಿ ಕುರಿತ ಯಾವುದೇ ಪ್ರಶ್ನೆಗೆ 1097 ಇದೆ. ಎರಡೂ ಉಚಿತ.

ಇನ್ನು ವರದಿಯ ಮಾತು. ಅದು ನಿಜಕ್ಕೂ ಸಂತೋಷದ ವರದಿ. ಅದರ ಅರ್ಥವನ್ನು ಯಾರಾದರೂ ನಿಮಗೆ ಸರಿಯಾಗಿ ವಿವರಿಸಿದ್ದಾರೆಯೇ ಎಂಬ ಅನುಮಾನ ನನಗಿದೆ. ಜನದಟ್ಟಣೆಯ ಕೇಂದ್ರಗಳಲ್ಲಿ ‘ಚೆನ್ನಾಗಿದೆ, ಮುಂದುವರಿಸಿ’ ಎಂಬ ಎರಡೇ ಪದಗಳಲ್ಲಿ ಅದು ಮುಗಿದುಹೋಗುವುದನ್ನು ನಾನು ಕಂಡಿದ್ದೇನೆ. ನಿಯಮಿತವಾದ ಚಿಕಿತ್ಸೆಯಿಂದ ರಕ್ತದಲ್ಲಿನ ವೈರಸ್ ಪ್ರಮಾಣ ಒಂದು ಮಿಲಿಲೀಟರಿಗೆ 200 ಪ್ರತಿಗಳಿಗಿಂತ ಕೆಳಗಿಳಿದು ಅಲ್ಲಿಯೇ ನಿಂತಿದ್ದರೆ, ಆ ವ್ಯಕ್ತಿಯಿಂದ ಲೈಂಗಿಕ ಸಂಪರ್ಕದ ಮೂಲಕ ಇನ್ನೊಬ್ಬರಿಗೆ ಸೋಂಕು ಹರಡುವುದಿಲ್ಲ. ‘ಕಡಿಮೆ ಹರಡುತ್ತದೆ’ ಎಂದು ನಾನು ಬರೆಯುತ್ತಿಲ್ಲ, ಹರಡುವುದಿಲ್ಲ ಎಂದೇ ಬರೆಯುತ್ತಿದ್ದೇನೆ. ಒಬ್ಬರು ಪಾಸಿಟಿವ್, ಇನ್ನೊಬ್ಬರು ನೆಗೆಟಿವ್ ಆಗಿರುವ 782 ಗೇ ಜೋಡಿಗಳನ್ನು ಯುರೋಪಿನ ‘ಪಾರ್ಟ್‌ನರ್ 2’ ಅಧ್ಯಯನ ವರ್ಷಗಟ್ಟಲೆ ಹಿಂಬಾಲಿಸಿತು. ಅದರ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಕಾಂಡೋಮ್ ಇಲ್ಲದ 76 ಸಾವಿರಕ್ಕೂ ಹೆಚ್ಚು ಸಂಪರ್ಕಗಳಲ್ಲಿ ಪಾಸಿಟಿವ್ ಸಂಗಾತಿಯಿಂದ ನೆಗೆಟಿವ್ ಸಂಗಾತಿಗೆ ಸೋಂಕು ದಾಟಿದ ಒಂದೇ ಒಂದು ಉದಾಹರಣೆಯೂ ಸಿಗಲಿಲ್ಲ. (ಸಿಫಿಲಿಸ್, ಗೊನೊರಿಯಾದಂಥ ಇತರ ಸೋಂಕುಗಳನ್ನು ಈ ಮಾತ್ರೆ ತಡೆಯದು, ಅವುಗಳಿಗೆ ಕಾಂಡೋಮ್ ಬೇಕೇ ಬೇಕು.) ಕಾಫಿಯ ಲೋಟದ ಬಗ್ಗೆ ಬರೆಯುವುದೇ ನಾಚಿಕೆಗೇಡು, ಲೋಟದಿಂದ ಎಚ್‌ಐವಿ ಹರಡುವುದಿಲ್ಲವೆಂಬುದು ನಿಮ್ಮ ಬಳಗದ ಒಂಬತ್ತು ಜನರಿಗೂ ಶಾಲೆಯ ದಿನಗಳಿಂದಲೇ ಗೊತ್ತು.

ಗೊತ್ತಿದ್ದೂ ಪೇಪರ್ ಕಪ್ ಬಂತಲ್ಲ, ಆ ವರದಿಯನ್ನು ಗ್ರೂಪಿಗೆ ಹಾಕಬೇಡಿ ಎಂದು ನಾನು ಹೇಳುವುದಕ್ಕೆ ಮೊದಲ ಕಾರಣ ಅದೇ. ತಿಳಿವಳಿಕೆಯ ಕೊರತೆಯಿಂದ ಹುಟ್ಟದ ಭಯವನ್ನು ತಿಳಿವಳಿಕೆ ಕೊಟ್ಟು ಓಡಿಸಲಾಗದು. ಮುಂಬಯಿಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿ ವಡಾಲಾದ ಅಕ್ವರ್ಥ್ ಕುಷ್ಠರೋಗ ಆಸ್ಪತ್ರೆಯ ಆವರಣದಲ್ಲಿದೆ. ಅಲ್ಲಿಗೆ ಹೋದಾಗಲೆಲ್ಲ ನನಗೆ ಅನ್ನಿಸುವುದಿದೆ: ಕುಷ್ಠರೋಗವನ್ನು ಪೂರ್ಣ ಗುಣಪಡಿಸುವ ಮದ್ದು ಬಂದು ನಲವತ್ತು ವರ್ಷ ದಾಟಿದೆ, ಆದರೆ ಆ ಪದದ ಮೇಲಿನ ಹೇಸಿಗೆ ಇನ್ನೂ ಹೋಗಿಲ್ಲ.

ಎರಡನೆಯ ಕಾರಣ ಸ್ವಲ್ಪ ಕಹಿಯಾದದ್ದು. ಗೇ ಆ್ಯಪ್‌ಗಳಲ್ಲಿ ‘ಕ್ಲೀನ್ ಆ?’ (ಎಚ್‌ಐವಿ ಇಲ್ಲ ತಾನೇ?) ಎಂದು ಕೇಳುವ ರೂಢಿ ನಿಮಗೆ ಗೊತ್ತೇ ಇದೆ. ಬಹುಶಃ ನೀವೂ ಕೇಳಿರಬಹುದು. ಆ ಪದವನ್ನು ಕನ್ನಡಕ್ಕೆ ತಂದರೆ ‘ಸ್ವಚ್ಛ’ ಆಗುವುದಿಲ್ಲ, ‘ಮಡಿ’ ಆಗುತ್ತದೆ. ನಮ್ಮ ಅಜ್ಜಿಯರ ಅಡುಗೆಮನೆಯ ಹೊಸ್ತಿಲು, ಜಗಲಿಯ ಮೂಲೆಯಲ್ಲಿ ಬೋರಲು ಹಾಕಿಟ್ಟ ಬೇರೆ ಲೋಟ, ಮುಟ್ಟದೆ ಮೇಲಿನಿಂದ ಹೊಯ್ಯುತ್ತಿದ್ದ ನೀರು, ಇವನ್ನೆಲ್ಲ ಊರಿನಲ್ಲಿ ಬಿಟ್ಟು ಬಂದೆವೆಂದು ತಿಳಿದವರ ಕೈಯಲ್ಲಿ ಅದೇ ಬೇರೆ ಲೋಟ ಕಾಗದದ ರೂಪದಲ್ಲಿ ಬಂದಿದೆ. ಮೈಲಿಗೆಯ ಲೆಕ್ಕಕ್ಕೆ ರೋಗಾಣುವಿನ ಲೆಕ್ಕ ಎಂದೂ ಬೇಕಾಗಿರಲಿಲ್ಲ. ಈಗ ನೀವು ವರದಿಯನ್ನು ಹಾಕಿದರೆ ಏನಾಗುತ್ತದೆ ಯೋಚಿಸಿ. ಆ ಹೊಸ್ತಿಲು ಇರುವುದು ಸರಿಯೆಂದೂ, ಅದನ್ನು ದಾಟಲು ನಿಮ್ಮ ಬಳಿ ಚೀಟಿಯಿದೆಯೆಂದೂ ನೀವೇ ಒಪ್ಪಿಕೊಂಡಂತೆ. ಮುಂದಿನ ವರ್ಷ ಅದೇ ಬಳಗದ ಇನ್ನೊಬ್ಬನಿಗೆ ಸೋಂಕು ತಗುಲಿ, ಅವನ ವೈರಲ್ ಲೋಡ್ ಇನ್ನೂ ಇಳಿಯದಿದ್ದರೆ, ಅವನ ಕೈಗೆ ಪೇಪರ್ ಕಪ್ ಕೊಡುವುದು ನ್ಯಾಯವೇ ಆಗಿಬಿಡುತ್ತದೆಯಲ್ಲ? ವರದಿ ನಿಮ್ಮ ಆರೋಗ್ಯಕ್ಕಾಗಿ, ನಿಮ್ಮ ಸಂಗಾತಿಯ ನೆಮ್ಮದಿಗಾಗಿ ಇರುವುದು; ಊಟದ ಪಂಕ್ತಿಯಲ್ಲಿ ಕೂರಲು ತೋರಿಸಬೇಕಾದ ಪಾಸ್ ಅದಲ್ಲ. ಮೂರನೆಯದು ಬರಿಯ ವ್ಯವಹಾರದ ಮಾತು: ನಿಮ್ಮ ಹೆಸರಿರುವ ಕಾಗದದ ಚಿತ್ರ ಒಮ್ಮೆ ಎಂಟು ಫೋನುಗಳಿಗೆ ಹೋದರೆ ಅದನ್ನು ಮರಳಿ ಪಡೆಯುವ ದಾರಿಯಿಲ್ಲ.

‘ಎಲ್ಲ ತಿಳಿದ ನಮ್ಮವರೇ ಹೀಗೇಕೆ’ ಎಂದು ಕೇಳಿದ್ದೀರಿ. ನನ್ನ ಅನುಭವದಲ್ಲಿ ನಮ್ಮವರಾದ್ದರಿಂದಲೇ ಹೀಗೆ. ನಿಮ್ಮ ಕಚೇರಿಯ ಸಹೋದ್ಯೋಗಿಗೆ ಎಚ್‌ಐವಿ ಎಂಬುದು ಬೇರೆ ಯಾರದೋ ಕಥೆ. ಅವನು ಮರುಕಪಟ್ಟು ಸುಮ್ಮನಾಗಬಲ್ಲ. ನಿಮ್ಮ ಬಳಗದವನಿಗೆ ಹಾಗಾಗದು. ನೀವು ಹೋದ ಪಾರ್ಟಿಗೆ ಅವನೂ ಹೋಗಿದ್ದಾನೆ, ನೀವು ಮಾತಾಡಿದ ಹುಡುಗರ ಜೊತೆ ಅವನೂ ಮಾತಾಡಿದ್ದಾನೆ, ಬಹುಶಃ ಮೂರು ವರ್ಷಗಳಿಂದ ಪರೀಕ್ಷೆ ಮಾಡಿಸಿಕೊಂಡಿಲ್ಲ. ನಿಮ್ಮ ಮುಖ ನೋಡಿದಾಗಲೆಲ್ಲ ಅವನಿಗೆ ತನ್ನದೇ ಲೆಕ್ಕ ನೆನಪಾಗುತ್ತದೆ. ‘ಪ್ರೆಪ್ ಇದ್ದೂ ಹೀಗೆ ಮಾಡಿಕೊಂಡ’ ಎಂಬ ಮಾತಿನ ಹಿಂದೆ ಇರುವುದು ಇದೇ: ನೀವು ತಪ್ಪು ಮಾಡಿದವರಾದರೆ, ತಪ್ಪು ಮಾಡದ ತಾನು ಸುರಕ್ಷಿತ. ಅಂದಹಾಗೆ ಪ್ರೆಪ್ ಮಾತ್ರೆಯನ್ನು ನಮ್ಮಲ್ಲಿ ಹೆಚ್ಚಿನವರು ಖಾಸಗಿಯಾಗಿ ಹಣ ಕೊಟ್ಟೇ ಕೊಳ್ಳುತ್ತಾರೆ, ಅದಕ್ಕೆ ಆಗಾಗ ಪರೀಕ್ಷೆಗಳೂ ಬೇಕು. ಆ ಮಾತನ್ನಾಡಿದವನು ಸ್ವತಃ ಅದನ್ನು ನಿಯಮದಂತೆ ತೆಗೆದುಕೊಳ್ಳುತ್ತಿದ್ದಾನೆಯೇ ಎಂದು ನಾನು ಪಂಥ ಕಟ್ಟಲಾರೆ.

ಇದರ ಹಿಂದೆ ಇನ್ನೊಂದು ಹಳೆಯ ಗಾಯವೂ ಇದೆ, ನಿಮ್ಮ ವಯಸ್ಸಿನವರು ಅದನ್ನು ನೇರವಾಗಿ ಕಂಡಿಲ್ಲ. ಭಾರತದಲ್ಲಿ ಎಚ್‌ಐವಿ ಪತ್ತೆಯಾದದ್ದು 1986ರಲ್ಲಿ. ಮುಂಬಯಿಯಲ್ಲಿ ಸಲಿಂಗಿಗಳ ‘ಬಾಂಬೆ ದೋಸ್ತ್’ ಪತ್ರಿಕೆ 1990ರಲ್ಲಿ, ಅವರಿಗಾಗಿ ದುಡಿಯುವ ಹಮ್‌ಸಫರ್ ಟ್ರಸ್ಟ್ 1994ರಲ್ಲಿ ಆರಂಭವಾದವು; ಎರಡರ ಹಿಂದೆಯೂ ಗೇ ಹಕ್ಕುಗಳ ಹೋರಾಟಗಾರ ಅಶೋಕ್ ರಾವ್ ಕವಿಯವರಿದ್ದರು. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಂ ತಲೆಯ ಮೇಲೆ ತೂಗುತ್ತಿದ್ದ ಆ ಕಾಲದಲ್ಲಿ, ಸಲಿಂಗಿಗಳು ಒಂದು ಕೋಣೆಯಲ್ಲಿ ಸೇರಲು ಸರಕಾರ ಒಪ್ಪುವ ಕಾರಣವೆಂದರೆ ಹೆಚ್ಚುಕಡಿಮೆ ಏಡ್ಸ್ ತಡೆಗಟ್ಟುವಿಕೆ ಒಂದೇ ಆಗಿತ್ತು. ಆ ಕೆಲಸವೂ ಸುರಕ್ಷಿತವಾಗಿರಲಿಲ್ಲ: 2001ರಲ್ಲಿ ಲಖನೌದಲ್ಲಿ ಕಾಂಡೋಮ್, ತಿಳಿವಳಿಕೆ ಹಂಚುತ್ತಿದ್ದ ಕಾರ್ಯಕರ್ತರನ್ನೇ ಪೊಲೀಸರು ಬಂಧಿಸಿದರು, ಅವರು ತಿಂಗಳಿಗೂ ಹೆಚ್ಚು ಕಾಲ ಜೈಲಿನಲ್ಲಿದ್ದರು. ಅದೇ ವರ್ಷ ದೆಹಲಿ ಹೈಕೋರ್ಟಿಗೆ ಹೋದ 377ರ ಅರ್ಜಿಯ ವಾದವೂ ಮುಖ್ಯವಾಗಿ ಎಚ್‌ಐವಿ ಕೆಲಸಕ್ಕೆ ಈ ಕಲಂ ಅಡ್ಡಿ ಎಂಬುದೇ. ಹೀಗೆ ಒಂದು ಸಮುದಾಯ ರೋಗದ ಹೆಸರಿನಲ್ಲಿ ಮಾತ್ರ ಕಣ್ಣಿಗೆ ಬೀಳುವಂತಾಯಿತು. ಸಲಿಂಗ ಸಂಬಂಧ ಅಪರಾಧವಲ್ಲವೆಂದ 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನೌಕರಿ, ಫ್ಲ್ಯಾಟು, ಪ್ರವಾಸಗಳ ಸಾಮಾನ್ಯ ಬದುಕು ಕಟ್ಟಿಕೊಂಡವರಿಗೆ, ಆ ನೆನಪು ಬೇಡವಾಗಿದೆ. ‘ಅದೆಲ್ಲ ಸ್ಟೇಷನ್ನಿನ ಶೌಚಾಲಯದ ಬಳಿ ನಿಲ್ಲುವವರಿಗೆ’ ಎಂಬ ಮಾತನ್ನು ಬಹಳ ಓದಿದವರ ಬಾಯಲ್ಲೇ ನಾನು ಕೇಳಿದ್ದೇನೆ. ನಿಮ್ಮ ಸುದ್ದಿ ಅವರ ಬೆನ್ನ ಹಿಂದೆ ಮುಚ್ಚಿದ್ದ ಬಾಗಿಲನ್ನು ತೆರೆದಂತಾಗಿದೆ. ಅದರಲ್ಲಿ ವರ್ಗದ ಗರ್ವವೂ ಇದೆ, ಹೆದರಿಕೆಯೂ ಇದೆ. ಎಷ್ಟೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಕನ್ನಡಿಗರ ಬಳಗವಾದ್ದರಿಂದ ಇನ್ನೊಂದು ಗಂಟೂ ಸೇರಿದೆ. ಮುಂಬಯಿ ಎಷ್ಟು ದೊಡ್ಡದಾದರೂ ನಮ್ಮವರ ಮುಂಬಯಿ ಚಿಕ್ಕದು. ಒಬ್ಬನ ತಾಯಿ, ಇನ್ನೊಬ್ಬನ ಚಿಕ್ಕಮ್ಮ ಒಂದೇ ಸಂಘದ ಮಹಿಳಾ ವಿಭಾಗದಲ್ಲಿರುತ್ತಾರೆ. ಯಕ್ಷಗಾನದ ಆಟಕ್ಕೆ, ಮದುವೆಗೆ, ಊರಿನ ಕೋಲಕ್ಕೆ ಎಲ್ಲರೂ ಎದುರಾಗುತ್ತಾರೆ. ನಿಮ್ಮ ಎಂಟು ಗೆಳೆಯರ ಬಳಿ ನಿಮ್ಮ ಎರಡು ಗುಟ್ಟುಗಳಿವೆ, ಅವರ ಮೊದಲ ಗುಟ್ಟು ನಿಮ್ಮ ಬಳಿಯಿದೆ. ‘ಅವನ ಜೊತೆ ಕಂಡರೆ ನಮ್ಮನ್ನೂ ಹಾಗೇ ತಿಳಿದಾರು’ ಎಂಬ ಅಂಜಿಕೆ ಇಂಥ ಕಡೆ ಬಹುಬೇಗ ಹಬ್ಬುತ್ತದೆ. ನಿಮ್ಮನ್ನು ಹತ್ತು ವರ್ಷ ಕಾಪಾಡಿದ ಅದೇ ಒತ್ತೊತ್ತಾದ ನಂಟಿನ ಮೂಲಕವೇ ಸುದ್ದಿಯೂ ಎರಡು ವಾರದಲ್ಲಿ ಹರಿದುಹೋಯಿತು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಈ ಕೆಲಸಕ್ಕೆ ಬಂದ ಹೊಸತರಲ್ಲಿ, ನಿಮ್ಮಂತೆಯೇ ಬಳಗದಿಂದ ನೊಂದು ಬಂದ ತರುಣನೊಬ್ಬನಿಗೆ, ಎಲ್ಲರನ್ನೂ ಒಟ್ಟಿಗೆ ಕೂರಿಸಿ ಧೈರ್ಯವಾಗಿ ಹೇಳು, ಬೇಕಿದ್ದರೆ ನಾನೇ ಬಂದು ವಿಜ್ಞಾನ ವಿವರಿಸುತ್ತೇನೆ ಎಂದಿದ್ದೆ. ಹೋದೆ, ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು, ಒಬ್ಬ ಚಪ್ಪಾಳೆಯನ್ನೂ ತಟ್ಟಿದ. ಮರುವಾರದಿಂದ ಆ ಹುಡುಗನನ್ನು ಯಾರೂ ಕರೆಯಲಿಲ್ಲ. ಗುಂಪಿನ ಮುಂದೆ ಯಾರೂ ತಮ್ಮ ಭಯವನ್ನು ಹೇಳಿಕೊಳ್ಳುವುದಿಲ್ಲ, ಒಳ್ಳೆಯವರಂತೆ ಕಾಣಲು ನೋಡುತ್ತಾರೆ ಎಂಬ ಸರಳ ಸಂಗತಿ ನನಗೆ ಅಂದು ಹೊಳೆಯಲಿಲ್ಲ. ಅಂದಿನಿಂದ ನಾನು ಯಾರಿಗೂ ಸಭೆ ಕರೆಯಲು ಹೇಳಿಲ್ಲ.

ಆದ್ದರಿಂದ ಬಳಗವೆಂಬ ಬಳಗದ ಜೊತೆ ಮಾತಾಡುವುದನ್ನು ಸದ್ಯಕ್ಕೆ ಬಿಡಿ. ಒಬ್ಬೊಬ್ಬರ ಜೊತೆ ಮಾತಾಡಿ. ಮೊದಲು, ನೀವು ನಂಬಿ ಹೇಳಿದ ಗೆಳೆಯ. ಹೋಟೆಲಿನ ಮೇಜಿಗೆ ಎದುರುಬದುರು ಕೂರುವುದಕ್ಕಿಂತ ನಡೆಯುತ್ತ ಮಾತಾಡುವುದು ಸುಲಭ. ಮಾಟುಂಗದ ಫೈವ್ ಗಾರ್ಡನ್ಸ್‌ನಲ್ಲಿ ಸಂಜೆ ಎರಡು ಸುತ್ತು ಹಾಕಲು ಕರೆಯಿರಿ, ಮುಖ ನೋಡಬೇಕಾದ ಕಷ್ಟ ಇಬ್ಬರಿಗೂ ತಪ್ಪುತ್ತದೆ. ‘ನನಗೆ ಮೋಸ ಮಾಡಿದೆ’ ಎಂದು ಆರಂಭಿಸಿದರೆ ಅವನು ಸಮರ್ಥನೆಗೆ ಇಳಿಯುತ್ತಾನೆ. ‘ಯಾರ್ಯಾರಿಗೆ ಹೇಳಿದೆ, ಹೇಗೆ ಹೇಳಿದೆ, ಅವರು ಏನಂದರು, ಅಷ್ಟು ತಿಳಿಸು’ ಎಂದು ಕೇಳಿ. ಗಾಬರಿಯಾಗಿ, ಭಾರ ತಾಳಲಾರದೆ ಒಬ್ಬರ ಬಳಿ ಹೇಳಿಕೊಂಡು, ಅಲ್ಲಿಂದ ಅದು ಜಾರಿಹೋಗುವುದು ಬಹಳ ಸಲ ಆಗುತ್ತದೆ. ರುಚಿಗಾಗಿ ಹೇಳಿದವರೂ ಇರುತ್ತಾರೆ. ಯಾವುದೆಂದು ನಿಮಗೆ ಅಲ್ಲಿಯೇ ತಿಳಿದುಬಿಡುತ್ತದೆ. ಮೊದಲನೆಯದಾದರೆ ಅವನಿಗೊಂದು ಕೆಲಸ ಕೊಡಿ: ಮುಂದೆ ಯಾರಾದರೂ ನಿಮ್ಮ ವಿಷಯ ಎತ್ತಿದಾಗ ‘ಅವನ ಆರೋಗ್ಯದ ಮಾತು ಅವನನ್ನೇ ಕೇಳು’ ಎಂದು ಅಲ್ಲಿಗೇ ನಿಲ್ಲಿಸುವುದು. ಎರಡನೆಯದಾದರೆ ನಡಿಗೆಯನ್ನು ಒಂದೇ ಸುತ್ತಿಗೆ ಮುಗಿಸಿ.

ಉಳಿದವರಲ್ಲಿ, ಹೆದರಿದವರನ್ನು ಗುರುತಿಸಿ. ಪೇಪರ್ ಕಪ್ ಕೊಟ್ಟವನು ಬಹುಶಃ ಅವರಲ್ಲೊಬ್ಬ. ನಿಮಗೆ ಮನಸ್ಸಿದ್ದರೆ ಮಾತ್ರ, ‘ನೀನು ಕೊನೆಯ ಸಲ ಟೆಸ್ಟ್ ಮಾಡಿಸಿದ್ದು ಯಾವಾಗ? ಬೇಕಿದ್ದರೆ ಜೊತೆಗೆ ಬರುತ್ತೇನೆ’ ಎಂದು ಕೇಳಬಹುದು. ಸರಕಾರಿ ಐಸಿಟಿಸಿ (ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರಗಳಲ್ಲಿ ಪರೀಕ್ಷೆ ಉಚಿತ ಮತ್ತು ಗೋಪ್ಯ. ನೊಂದವರೇ ಸಂತೈಸಬೇಕೆಂಬುದು ಅನ್ಯಾಯವೆಂದು ನನಗೂ ಗೊತ್ತು, ಆದುದರಿಂದ ಇದನ್ನು ಕರ್ತವ್ಯವೆಂದು ಭಾವಿಸಬೇಡಿ. ಆದರೆ ಇಂಥ ಪ್ರಸಂಗಗಳ ಕೆಲವು ತಿಂಗಳ ನಂತರ, ಎಲ್ಲರಿಗಿಂತ ದೂರ ನಿಂತಿದ್ದವನೇ ತಡರಾತ್ರಿ ಫೋನ್ ಮಾಡಿ ‘ನಿನ್ನ ಡಾಕ್ಟರ ನಂಬರ್ ಕೊಡು’ ಎಂದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ.

ಯಾರಿಗೆ ಹೇಳಬೇಕಾದ ಬಾಧ್ಯತೆ ನಿಮಗಿದೆ ಎಂಬುದನ್ನು ಸ್ಪಷ್ಟಪಡಿಸುತ್ತೇನೆ. ಗೆಳೆಯರಿಗೆ ಇಲ್ಲ, ಒಂದೇ ಕೋಣೆಯಲ್ಲಿ ಮಲಗುವವರಿಗೂ ಇಲ್ಲ, ಕಚೇರಿಗೂ ಇಲ್ಲ. ಲೈಂಗಿಕ ಸಂಗಾತಿಯ ವಿಷಯದಲ್ಲಿ, 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ, ಸೋಂಕು ಹರಡದಂತೆ ಯುಕ್ತವಾದ ಎಲ್ಲ ಎಚ್ಚರಿಕೆಗಳನ್ನು ತೆಗೆದುಕೊಳ್ಳುವ ಹೊಣೆಯನ್ನು ನಿಮ್ಮ ಮೇಲೆ ಹಾಕುತ್ತದೆ. ಮೊದಲೇ ತಿಳಿಸುವುದು ಆ ಎಚ್ಚರಿಕೆಗಳಲ್ಲಿ ಒಂದು ಎಂದು ಅದು ಹೇಳುತ್ತದೆ. ದೀರ್ಘಕಾಲದ ಸಂಬಂಧವಾಗುವ ಲಕ್ಷಣ ಕಂಡರೆ ಹೇಳಿಬಿಡುವುದೇ ನನ್ನ ಸಲಹೆ. ಅದು ಕಾಯಿದೆಗಿಂತ ಹೆಚ್ಚಾಗಿ ನಿಮ್ಮ ನಿದ್ದೆಯ ಪ್ರಶ್ನೆ. ಆ್ಯಪ್‌ನಲ್ಲಿ ಅಪರಿಚಿತನೊಬ್ಬ ‘ಕ್ಲೀನ್ ಆ?’ ಎಂದರೆ ‘ದಿನಾ ಸ್ನಾನ ಮಾಡುತ್ತೇನೆ. ಎಚ್‌ಐವಿ ಬಗ್ಗೆ ಕೇಳುವುದಿದ್ದರೆ ನೇರವಾಗಿ ಕೇಳು’ ಎಂದು ಬರೆಯುವವರೊಬ್ಬರನ್ನು ನಾನು ಬಲ್ಲೆ. ಎಲ್ಲರಿಗೂ ಆ ಗಂಟಲು ಇರುವುದಿಲ್ಲ. ಉತ್ತರಿಸದೆ ಮುಂದೆ ಹೋಗುವುದೂ ತಪ್ಪಲ್ಲ.

‘ಬೇರೆ ಗ್ರೂಪುಗಳಿಗೆ ಎಚ್ಚರಿಕೆ ಕೊಡಬೇಕು’ ಎಂದವನ ಬಗ್ಗೆ ಮಾತ್ರ ಮೃದುವಾಗಬೇಡಿ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಇದೇ ಕಾಯಿದೆಯ 8ನೇ ಕಲಮಿನ ಪ್ರಕಾರ, ವಿಶ್ವಾಸದಿಂದ ತಿಳಿಸಿದ ಎಚ್‌ಐವಿ ಸ್ಥಿತಿಯನ್ನು ಆ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವಂತಿಲ್ಲ. 4ನೇ ಕಲಂ ಎಚ್‌ಐವಿ ಇರುವವರ ವಿರುದ್ಧ ದ್ವೇಷ ಹರಡುವುದನ್ನು ನಿಷೇಧಿಸುತ್ತದೆ, ಅದಕ್ಕೆ ಮೂರು ತಿಂಗಳಿಂದ ಎರಡು ವರ್ಷದವರೆಗೆ ಸೆರೆವಾಸವಿದೆ. ನ್ಯಾಯಾಲಯಕ್ಕೆ ಹೋದರೂ ನಿಜವಾದ ಹೆಸರನ್ನು ಮರೆಮಾಡಿ ಪ್ರಕರಣ ನಡೆಸಲು ಕೇಳಿಕೊಳ್ಳಬಹುದು. ಇದು ಹೊಸ ಸೌಲಭ್ಯವೇನೂ ಅಲ್ಲ. ಎಚ್‌ಐವಿ ಕಾರಣಕ್ಕೆ ಕೆಲಸ ಕಳೆದುಕೊಂಡ ಕಾರ್ಮಿಕನೊಬ್ಬ 1997ರಲ್ಲೇ ಬಾಂಬೆ ಹೈಕೋರ್ಟಿನಲ್ಲಿ ‘ಎಂಎಕ್ಸ್’ ಎಂಬ ಎರಡಕ್ಷರದ ಹೆಸರಿನಲ್ಲಿ ಗೆದ್ದಿದ್ದ. ಅದಕ್ಕೂ ಮೊದಲಿನದು ಗೋವಾದ ಡೊಮಿನಿಕ್ ಡಿಸೋಜಾ ಅವರ ಪ್ರಕರಣ. ರಕ್ತದಾನದಿಂದ ಅವರ ಸ್ಥಿತಿ ತಿಳಿದ ಸರಕಾರ 1989ರ ಫೆಬ್ರವರಿಯಲ್ಲಿ ಪೊಲೀಸರನ್ನು ಕಳಿಸಿ ಅವರನ್ನು ಹಿಡಿದು 64 ದಿನ ಕೂಡಿಹಾಕಿತ್ತು. ತಾಯಿ ಕೋರ್ಟಿಗೆ ಹೋದರು, ಗೆಳೆಯರು ಬಹಿರಂಗವಾಗಿ ಪಕ್ಕದಲ್ಲಿ ನಿಂತರು. ಅಂದು ಕಾನೂನು ಎದುರಿಗಿತ್ತು, ಗೆಳೆಯರು ಜೊತೆಗಿದ್ದರು. ನಿಮ್ಮ ಪಾಲಿಗೆ ಅದು ತಲೆಕೆಳಗಾಗಿದೆ. ಹಾಗೆಂದು ನಾಳೆಯೇ ದೂರು ಕೊಡಿ ಎನ್ನುತ್ತಿಲ್ಲ. ಆ ಒಬ್ಬನಿಗೆ ಎರಡು ಸಾಲಿನ ಸಂದೇಶ ಸಾಕು: ನನ್ನ ಸ್ಥಿತಿಯನ್ನು ಬೇರೆಯವರಿಗೆ ತಿಳಿಸಲು ನನ್ನ ಒಪ್ಪಿಗೆಯಿಲ್ಲ, ಕಾಯಿದೆ ಹೀಗಿದೆ. ಕಳಿಸಿದ್ದನ್ನು ಉಳಿಸಿಕೊಳ್ಳಿ. ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ.

ಬಳಗವನ್ನು ಬಿಡಬೇಕೇ ಎಂದು ನೀವು ನೇರವಾಗಿ ಕೇಳಿಲ್ಲ, ಆದರೆ ಪತ್ರದ ತುಂಬ ಅದೇ ಇದೆ. ಈಗಲೇ ತೀರ್ಮಾನಿಸಬೇಡಿ. ಎಂಟು ಜನರೂ ಮರಳಿ ಸಿಗುತ್ತಾರೆಂಬ ಭರವಸೆ ಕೊಡಲಾರೆ. ಮೂವರು ಸಿಕ್ಕರೆ ಬಹಳವಾಯಿತು. ನಡುವೆ, ನಿಮ್ಮ ಸ್ಥಿತಿಯಲ್ಲೇ ಇರುವ ಇತರ ಗೇ ಪುರುಷರನ್ನು ಭೇಟಿಯಾಗುವ ಅವಕಾಶವನ್ನು ನಿಮ್ಮ ಎಆರ್‌ಟಿ ಕೇಂದ್ರದಲ್ಲೋ ಸಮುದಾಯದ ಸಂಸ್ಥೆಗಳಲ್ಲೋ ಕೇಳಿ. ಲೋಕಲ್ ಟ್ರೇನಿನಲ್ಲಿ ಬ್ಯಾಗಿನೊಳಗಿನ ಮಾತ್ರೆಯ ಡಬ್ಬಿ ಕಲಕಲ ಎನ್ನದಿರಲು ಹತ್ತಿ ತುರುಕಬೇಕೆಂಬಂಥ ಸಂಗತಿಗಳನ್ನು ನನಗಿಂತ ಅವರೇ ಚೆನ್ನಾಗಿ ಹೇಳಿಕೊಡುತ್ತಾರೆ.

ಮುಲುಂಡಿನ ಹಿರಿಯರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ಅವರಿಗೂ ವಿಷಯ ಗೊತ್ತು, ಆದರೂ ಮೊದಲಿನಂತೆ ಹರಟುತ್ತಿದ್ದಾರೆ. ಅವರು ಯಾವ ಕಾಲವನ್ನು, ಯಾರ ಯಾರ ಸಾವನ್ನು ಕಂಡವರೋ ನನಗೆ ತಿಳಿಯದು. ತೊಂಬತ್ತರ ದಶಕದ ಮುಂಬಯಿಯಲ್ಲಿ ಗೇ ಆಗಿ ಬದುಕಿದವರಾದರೆ ಅವರ ಬಳಿ ಇದರ ಕುರಿತು ಹೇಳಲು ಬಹಳ ಇರುತ್ತದೆ. ಈ ಸಲ ಅವರ ಫೋನಿಗೆ ಕಾಯದೆ ನೀವೇ ಕರೆ ಮಾಡಿ, ಮುಂದಿನ ಪರೀಕ್ಷೆಯ ದಿನ ಕೇಂದ್ರಕ್ಕೆ ಜೊತೆಗೆ ಬರುತ್ತೀರಾ ಎಂದು ಕೇಳಿ ನೋಡಿ.